ಆರು ಮಿಲಿಮೀಟರ್ ಹಿಂದೆ ಸರಿದ ಗದ್ದ

“ಮುಟ್ಟಬೇಡಿ. ಬರೀ ನೋಡಿ,” ಎಂದರು ಹಲ್ಲಿನ ಡಾಕ್ಟರ್.

ಇನ್‌ಸ್ಪೆಕ್ಟರ್ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ಕಿನ ಎರಡು ತುಂಡುಗಳು. ಎರಡೂ ಗೇಣುದ್ದ, ಎರಡೂ ಮಸುಕು ಹಳದಿ, ಎರಡರಲ್ಲೂ ಗರಗಸದ ಅಲಗು ತೂರುವಷ್ಟು ಸಣ್ಣ ಸೀಳುಗಳು. ಅವಳ ಕಣ್ಣಿಗೆ ಅವಳಿ ಮಕ್ಕಳ ಹಾಗೆ ಕಂಡವು.

“ಇದು ಹೋದ ವಾರ ನಾವೆಲ್ಲ ಕೂತು ಒಪ್ಪಿದ ಗೈಡ್. ಇದು ಇವತ್ತು ಬೆಳಿಗ್ಗೆ ಲ್ಯಾಬಿಂದ ಬಂದಿದ್ದು. ನಾಳೆ ಎಂಟು ಗಂಟೆಗೆ ಥಿಯೇಟರಿಗೆ ಹೋಗಬೇಕಾಗಿದ್ದು ಈ ಎರಡನೇದು.”

“ವ್ಯತ್ಯಾಸ?”

“ಆರು ಮಿಲಿಮೀಟರ್. ಗದ್ದ ಅಷ್ಟು ಹಿಂದಕ್ಕೆ ಹೋಗಿದೆ. ದವಡೆಯ ಮೂಲೆ ಒಳಕ್ಕೆ ಸರಿದಿದೆ.”

ಹನ್ನೊಂದು ವಾರಗಳ ಹಿಂದೆ, ಹಾಡಹಗಲೇ, ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಯಾರೋ ಒಬ್ಬ ಕಬ್ಬಿಣದ ಸಲಾಕೆ ಬೀಸಿ ಅಲ್ಲಿನ ಅನೌನ್ಸರ್ ಹೆಂಗಸಿನ ಕೆಳದವಡೆಯನ್ನು ಪುಡಿ ಮಾಡಿ ಹೋಗಿದ್ದ; ಅವನು ಇನ್ನೂ ಸಿಕ್ಕಿರಲಿಲ್ಲ.

ವಾರ್ಡಿನ ನರ್ಸುಗಳು ಆಕೆಯನ್ನು ರೈಲಕ್ಕ ಎನ್ನುತ್ತಿದ್ದರು. ಊರಿನ ಪ್ರತಿಯೊಬ್ಬರಿಗೂ ಆಕೆಯ ದನಿ ಗೊತ್ತು. ಮುಖ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಾಳೆ ಆಕೆಯ ಕಾಲಿನ ಹೊರಬದಿಯ ತೆಳುಮೂಳೆಯನ್ನು ತೆಗೆದು, ಮೂರು ತುಂಡು ಮಾಡಿ, ಕಮಾನಿನಂತೆ ಜೋಡಿಸಿ, ಅದನ್ನೇ ದವಡೆ ಮಾಡುವವರಿದ್ದರು. ಎಲ್ಲಿ ಕೊಯ್ಯಬೇಕು, ಯಾವ ಕೋನದಲ್ಲಿ ಕೊಯ್ಯಬೇಕು ಎಂದು ಗರಗಸಕ್ಕೆ ಹೇಳಿಕೊಡುವುದು ಈ ಪ್ಲಾಸ್ಟಿಕ್ ತುಂಡು.

“ಇದರಲ್ಲಿ ಪೊಲೀಸ್ ಕರೆಸೋ ಅಂಥದ್ದೇನಿತ್ತು?” ಕಿಟಕಿಯ ಬಳಿ ಬೆನ್ನು ಮಾಡಿ ನಿಂತಿದ್ದ ಸರ್ಜನ್ ತಿರುಗದೆಯೇ ಹೇಳಿದರು. “ಒಪ್ಪಿದ ಗೈಡ್ ಕೈಯಲ್ಲೇ ಇದೆ. ನಾಳೆ ಅದನ್ನೇ ಬಳಸ್ತೀನಿ. ಲ್ಯಾಬಿನವರಿಗೆ ಒಂದು ಮೆಮೊ ಕೊಟ್ಟರೆ ಮುಗೀತು.”

“ಕರೆಸಿದ್ದು ನಾನು ಸರ್.”

“ಗೊತ್ತು. ಅದಕ್ಕೇ ಹೇಳಿದ್ದು.”

ಇವರಿಬ್ಬರ ಜಟಾಪಟಿಯನ್ನು ಇನ್‌ಸ್ಪೆಕ್ಟರ್ ಹನ್ನೊಂದು ವಾರದಿಂದ ನೋಡುತ್ತಲೇ ಬಂದಿದ್ದಳು. ಸರ್ಜನ್‌ಗೆ ಅರವತ್ತರ ಹತ್ತಿರ. ಮೂಳೆ ಗಟ್ಟಿಯಾಗಿ ಕೂತರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎನ್ನುವ ಪೈಕಿ. ಹಲ್ಲಿನ ಡಾಕ್ಟರ್‌ಗೆ ನಲವತ್ತು. ಹಲ್ಲು ಎಲ್ಲಿ ಬರಬೇಕೆಂದು ಮೊದಲು ಗೊತ್ತಾದರೆ ಮಾತ್ರ ಮೂಳೆ ಎಲ್ಲಿಡಬೇಕೆಂದು ಗೊತ್ತಾಗುತ್ತದೆ ಎನ್ನುವವರು. “ಅವರು ಮನೆ ಕಟ್ಟೋ ಮೇಸ್ತ್ರಿ, ಬಾಗಿಲು ಎಲ್ಲಿ ಅಂತ ಕೇಳೋ ಜನ ನಾವು,” ಎಂದು ಆಕೆ ಒಮ್ಮೆ ನಗುತ್ತ ಹೇಳಿದ್ದರು. ಸರ್ಜನ್ ನಕ್ಕಿರಲಿಲ್ಲ. ಆದರೂ ಮಾರನೆಯ ದಿನದಿಂದ ಪ್ಲಾನಿಂಗ್ ಮೀಟಿಂಗಿನಲ್ಲಿ ಆಕೆಯ ಕುರ್ಚಿ ತಮ್ಮ ಪಕ್ಕಕ್ಕೇ ಹಾಕಿಸಿಕೊಂಡಿದ್ದರು.

“ನಾಳೆ ಇದನ್ನೇ ಬಳಸಿದ್ದರೆ ಏನಾಗ್ತಿತ್ತು? ಪ್ರಾಣಕ್ಕೆ ಅಪಾಯ ಇತ್ತಾ?” ಇನ್‌ಸ್ಪೆಕ್ಟರ್ ಕೇಳಿದಳು.

“ಅದೇ ವಿಚಿತ್ರ. ಬನ್ನಿ, ತೋರಿಸ್ತೀನಿ.”

ಹಲ್ಲಿನ ಡಾಕ್ಟರ್ ಕಪಾಟಿನಿಂದ ಹಿತ್ತಾಳೆಯ ಚೌಕಟ್ಟೊಂದನ್ನು ಇಳಿಸಿದರು. ಬಾಯಿಯ ಹಾಗೆ ತೆರೆದು ಮುಚ್ಚುವ ಸಲಕರಣೆ. ಮೇಲ್ಭಾಗದಲ್ಲಿ ರೈಲಕ್ಕನ ಮೇಲಿನ ಹಲ್ಲುಗಳ ಪ್ಲಾಸ್ಟರ್ ಅಚ್ಚು. ಕೆಳಭಾಗದಲ್ಲಿ ನಾಳೆ ಆಗಲಿರುವ ದವಡೆಯ ಮಾದರಿ, ಅದರ ಮೇಲೆ ಮೇಣದ ಹಲ್ಲುಗಳು.

“ಇದು ಒಪ್ಪಿದ ಪ್ಲಾನು.” ನಡುವೆ ತೆಳುವಾದ ನೀಲಿ ಕಾಗದದ ಪಟ್ಟಿಯಿಟ್ಟು ಚೌಕಟ್ಟನ್ನು ಟಕ್ಕೆಂದು ಮುಚ್ಚಿದರು. ಆ ಸದ್ದಿಗೆ ಇನ್‌ಸ್ಪೆಕ್ಟರಳ ಎಡಗೆನ್ನೆ ತಾನಾಗಿ ಅದುರಿತು.

“ಎಡಗಡೆ, ಕೆಳಗಿನ ಕೊನೇ ಹಲ್ಲಿಗಿಂತ ಒಂದು ಮುಂಚಿನದು. ಎಷ್ಟು ದಿನದಿಂದ?”

“ಯಾವ ಹಲ್ಲು?”

“ಸುಳ್ಳು ಹೇಳೋರನ್ನು ಹಿಡಿಯೋದು ನಿಮ್ಮ ಕೆಲಸ. ನಾನು ಸುಮ್ಮನೆ ಕೇಳಿದೆ.” ಡಾಕ್ಟರ್ ಚೌಕಟ್ಟು ತೆರೆದರು. ಮೇಣದ ಹಲ್ಲುಗಳ ಮೇಲೆ ಪುಟ್ಟ ಪುಟ್ಟ ನೀಲಿ ಚುಕ್ಕೆಗಳು. “ಮೇಲಿನ ಹಲ್ಲು ಕೆಳಗಿನದನ್ನು ಎಲ್ಲೆಲ್ಲಿ ಮುಟ್ಟುತ್ತೆ ಅನ್ನೋದರ ಗುರುತು. ಎಣಿಸಿ.”

ಹದಿನಾಲ್ಕು. ಇನ್‌ಸ್ಪೆಕ್ಟರ್ ಎರಡು ಸಲ ಎಣಿಸಿದಳು.

ಆಮೇಲೆ ಕೆಳಭಾಗವನ್ನು ಬದಲಿಸಿ, ಹೊಸ ಗೈಡಿನ ಲೆಕ್ಕದ ದವಡೆಯನ್ನು ಕೂರಿಸಿದರು. ನೀಲಿ ಕಾಗದ, ಟಕ್. ಮತ್ತೆ ಹದಿನಾಲ್ಕು ಚುಕ್ಕೆ. ಅದೇ ಜಾಗ, ಅದೇ ಗಾತ್ರ.

ಅರ್ಥವಾಗಲು ಇನ್‌ಸ್ಪೆಕ್ಟರಳಿಗೆ ಒಂದು ಗಳಿಗೆ ಹಿಡಿಯಿತು. “ಅಂದರೆ ಮೂಳೆ ಸರಿದಿದೆ, ಹಲ್ಲು ಸರಿದಿಲ್ಲ.”

“ಕೂದಲಷ್ಟೂ ಸರಿದಿಲ್ಲ. ಗದ್ದ ಹಿಂದೆ ಹೋದರೆ ಹಲ್ಲೂ ಹಿಂದೆ ಹೋಗಬೇಕು. ಹೋಗದ ಹಾಗೆ ಒಂದೊಂದು ಹಲ್ಲಿನ ಕೋನವನ್ನೂ ಕೂತು ಸರಿ ಮಾಡಿದ್ದಾರೆ. ಈ ದವಡೆಯಲ್ಲಿ ಆಕೆ ಚೆನ್ನಾಗಿ ಅಗೀತಾಳೆ. ಚೆನ್ನಾಗಿ ಮಾತಾಡ್ತಾಳೆ. ಕನ್ನಡಿ ನೋಡಿಕೊಂಡರೆ ಮಾತ್ರ ಅಲ್ಲಿ ಬೇರೆ ಯಾರೋ ಇರ್ತಾರೆ.”

ಕೆಡಿಸಬೇಕೆಂದು ಬಂದವನು ಬಾಯನ್ನು ಕೆಡಿಸುತ್ತಾನೆ. ಇವನು ಬಾಯನ್ನು ಕಣ್ಣಿನಲ್ಲಿ ಕಣ್ಣಿಟ್ಟು ಕಾಪಾಡಿ, ಮುಖವನ್ನಷ್ಟೇ ಬದಲಿಸಿದ್ದ. ಹನ್ನೊಂದು ವಾರದಲ್ಲಿ ಅವಳು ಕಂಡ ಸುಳಿವುಗಳಲ್ಲಿ ಪ್ರೀತಿಯ ವಾಸನೆ ಇದ್ದದ್ದು ಇದೊಂದಕ್ಕೇ.

“ಇಷ್ಟು ನಾಜೂಕಿನ ಕೆಲಸ ಈ ಆಸ್ಪತ್ರೆಯಲ್ಲಿ ಯಾರಿಗೆ ಬರುತ್ತೆ?”

“ಇಬ್ಬರಿಗೆ. ಒಂದು, ನನಗೆ.” ಹಲ್ಲಿನ ಡಾಕ್ಟರ್ ಕಾಗದದ ಪಟ್ಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. “ಇನ್ನೊಬ್ಬರ ಹೆಸರು ಹೇಳೋಕೆ ಮನಸ್ಸು ಬರ್ತಿಲ್ಲ. ನೀವೇ ಕೆಳಗೆ ಹೋಗಿ ನೋಡಿ.”

ಸರ್ಜನ್ ಈಗಲೂ ಕಿಟಕಿಯಿಂದ ಆಚೆಗೇ ನೋಡುತ್ತಿದ್ದರು.

ಲ್ಯಾಬು ನೆಲಮಾಳಿಗೆಯಲ್ಲಿತ್ತು. ಕರಗಿದ ಮೇಣದ ವಾಸನೆ, ಸ್ಪಿರಿಟ್ ದೀಪದ ನೀಲಿ ಉರಿ, ಗೋಡೆಯುದ್ದಕ್ಕೂ ಪ್ಲಾಸ್ಟರ್ ಹಲ್ಲುಗಳ ಸಾಲು. ಕಂಪ್ಯೂಟರಿನ ಪರದೆಯ ಮೇಲೊಂದು ತಲೆಬುರುಡೆ ತನ್ನ ಪಾಡಿಗೆ ತಿರುಗುತ್ತಿತ್ತು. ಇಡೀ ಆಸ್ಪತ್ರೆಗೆ ಮೇಣದ ಮಾಮ ಎಂದೇ ಪರಿಚಿತನಾದ ಟೆಕ್ನೀಷಿಯನ್, ಕನ್ನಡಕವನ್ನು ಹಣೆಗೇರಿಸಿಕೊಂಡು, ಯಾರದೋ ಕೋರೆಹಲ್ಲನ್ನು ಕೆತ್ತುತ್ತಿದ್ದ.

“ಕೂತ್ಕೊಳ್ಳಿ ಮೇಡಂ. ಬೆಳಿಗ್ಗೆಯಿಂದ ನಿಮ್ಮ ದಾರಿನೇ ಕಾಯ್ತಿದೀನಿ. ಸಂಜೆ ತಡ ಆಗಬಹುದು ಅಂತ ಹೆಂಡತಿಗೂ ಹೇಳಿ ಬಂದಿದೀನಿ.”

“ಎಷ್ಟು ತಡ ಅಂತ ಹೇಳಿದ್ದೀರಿ?”

“ಅದು ನೀವು ಹೇಳಬೇಕು.”

ಇಂಥ ಆರೋಪಿಯ ಎದುರು ಗದರುವುದು ಹೇಗೆಂದು ಅವಳಿಗೆ ತೋಚಲಿಲ್ಲ. ಸ್ಟೂಲು ಎಳೆದುಕೊಂಡು ಕೂತಳು.

“ಯಾರು ಹೇಳಿದರು ಬದಲಾಯಿಸೋಕೆ?”

“ಬಣ್ಣ ಹೊಂದಿಸೋಕೆ ಅಂತ ವಾರ್ಡಿಗೆ ಹೋಗಿದ್ದೆ. ಹಲ್ಲಿನ ಬಣ್ಣ ಬಿಸಿಲಲ್ಲಿ ನೋಡಬೇಕು, ಟ್ಯೂಬ್‌ಲೈಟಲ್ಲಿ ನೋಡಿದರೆ ಮೋಸ. ರೈಲಕ್ಕನ್ನ ಕಿಟಕಿ ಹತ್ರ ಕೂರಿಸಿದೆ. ಹೊಸ ಮುಖ ಹೀಗೆ ಬರುತ್ತೆ ಅಮ್ಮಾ ಅಂತ ಫೋನಲ್ಲಿ ಚಿತ್ರ ತೋರಿಸಿದೆ. ಖುಷಿ ಪಡ್ತಾಳೆ ಅಂದ್ಕೊಂಡಿದ್ದೆ.” ಅವನು ಕೆತ್ತುವುದನ್ನು ನಿಲ್ಲಿಸಿದ. “ಹಲಗೆ ಮೇಲೆ ಬರೆದಳು. ‘ಈ ಮುಖ ಬೇಡ’ ಅಂತ. ಯಾಕೆ ಅಂದೆ. ಒರೆಸಿಬಿಟ್ಟಳು.”

“ಡಾಕ್ಟರಿಗೆ ಹೇಳು ಅನ್ನಬೇಕಿತ್ತು.”

“ಅಂದೆ. ಅವಳು ಹೇಳಿದ್ಳಂತೆ. ಸರ್ಜನ್ ಸಾರ್ ಅವಳ ಭುಜ ತಟ್ಟಿ, ‘ನಿಮ್ಮ ಮುಖವನ್ನೇ ನಿಮಗೆ ಕೊಡ್ತೀನಮ್ಮ, ಹೆದರಬೇಡಿ’ ಅಂದು ಮುಂದಿನ ಬೆಡ್ಡಿಗೆ ಹೋದರಂತೆ.”

“ಮೀಟಿಂಗಿನಲ್ಲಿ ನೀವೇ ಹೇಳಬಹುದಿತ್ತಲ್ಲ.”

“ಮೀಟಿಂಗಿನಲ್ಲಿ ನನಗೆ ಕುರ್ಚಿ ಇಲ್ಲ ಮೇಡಂ. ಪ್ಲಾನು ಮೇಲಿಂದ ಇಳಿದು ಬರುತ್ತೆ, ನಾನು ಮಾಡಿ ಕಳಿಸ್ತೀನಿ.” ಅವನ ಮಾತಿನಲ್ಲಿ ಕೊರಗಿರಲಿಲ್ಲ. “ಒಂದೇ ಒಂದು ಗೊತ್ತಿತ್ತು. ಥಿಯೇಟರಿಗೆ ಹೋಗೋಕೆ ಮುಂಚೆ ನಮ್ಮ ಡಾಕ್ಟ್ರಮ್ಮ ಪ್ರತಿ ಗೈಡನ್ನೂ ಅಚ್ಚಿನ ಮೇಲಿಟ್ಟು ನೋಡ್ತಾರೆ. ಹಿಡಿದೇ ಹಿಡೀತಾರೆ. ಹಿಡಿದ ಮೇಲೆ ಗಲಾಟೆ ಆಗುತ್ತೆ. ಗಲಾಟೆ ಆದರೆ ನಾಲ್ಕು ಜನ ಸೇರಿ ಅವಳನ್ನ ಒಂದು ಮಾತು ಕೇಳ್ತೀರಿ. ಅಷ್ಟಾದರೆ ಸಾಕಾಗಿತ್ತು.”

“ಅವರು ಹಿಡಿಯದೇ ಹೋಗಿದ್ದರೆ?”

“ಅದಕ್ಕೇ ಹಲ್ಲು ಸರಿ ಮಾಡಿ ಕಳಿಸಿದೆ.”

ಇನ್‌ಸ್ಪೆಕ್ಟರ್ ಎದ್ದಳು. “ಮೇಲೆ ಬನ್ನಿ. ಇವತ್ತು ನಿಮಗೂ ಕುರ್ಚಿ ಇರುತ್ತೆ.”

ಮೆಟ್ಟಿಲು ಹತ್ತುವಾಗ ಅವಳಿಗೆ ಅಪ್ಪನ ನೆನಪಾಯಿತು. ಅಮ್ಮ ತೀರಿಕೊಂಡ ಮೇಲೆ ಅಪ್ಪ ಒಂದಿಡೀ ವರ್ಷ ಅವಳನ್ನು ನೇರವಾಗಿ ನೋಡಿರಲಿಲ್ಲ. ಅವಳ ಗದ್ದ ಥೇಟ್ ಅಮ್ಮನದು. ಅವಳು ನಕ್ಕರೆ ಅಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಹದಿನಾರರ ಹುಡುಗಿಗೆ ಆಗ ಬರೀ ಸಿಟ್ಟು ಬಂದಿತ್ತು. ತನ್ನ ಮುಖ ಇನ್ನೊಬ್ಬರ ಎದೆಯಲ್ಲಿ ಏನೇನು ಮಾಡಬಲ್ಲದು ಎಂಬ ಯೋಚನೆ ಹೊಳೆದಿರಲಿಲ್ಲ.

ರೈಲಕ್ಕನ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಹಾಸಿಗೆಯ ಕಾಲಿನವರೆಗೆ ಬಂದಿತ್ತು. ಮೂವತ್ತೊಂದು ವರ್ಷದ ಹೆಂಗಸು. ಹಣೆ, ಕಣ್ಣು, ಮೂಗು ಎಲ್ಲ ನೆಟ್ಟಗಿದ್ದು, ಕೆಳತುಟಿಯಿಂದ ಕೆಳಗೆ ಮುಖ ಗಾಳಿ ಹೋದ ಚೆಂಡಿನಂತೆ ಒಳಕ್ಕೆ ಕುಸಿದಿತ್ತು. ಪಕ್ಕದಲ್ಲಿ ಚಿಕ್ಕಮ್ಮ, ಅರೆದು ತೆಳ್ಳಗೆ ಮಾಡಿದ ಊಟವನ್ನು ಸಿರಿಂಜಿಗೆ ತುಂಬುತ್ತಿದ್ದರು. ಎದುರಿನ ಹಲಗೆಯ ಮೇಲೆ ಮುದ್ದಾದ ಅಕ್ಷರದಲ್ಲಿ ‘ಡಾಕ್ಟರ್ ರೌಂಡ್ಸ್: ಹದಿನೆಂಟು ನಿಮಿಷ ತಡ’ ಎಂದಿತ್ತು. ದಿನಾ ಬರೆಯುತ್ತಿದ್ದಳು. ಹಳೆಯ ಕಸುಬಿನ ಅಭ್ಯಾಸ.

ಸರ್ಜನ್, ಹಲ್ಲಿನ ಡಾಕ್ಟರ್, ಮೇಣದ ಮಾಮ, ಇನ್‌ಸ್ಪೆಕ್ಟರ್, ನಾಲ್ಕೂ ಜನ ಒಟ್ಟಿಗೆ ಒಳಗೆ ಬಂದದ್ದನ್ನು ಕಂಡು ಚಿಕ್ಕಮ್ಮನ ಕೈ ನಿಂತಿತು. “ಏನಾಯ್ತು? ನಾಳೆ ಆಪರೇಷನ್ ಇಲ್ವಾ?”

“ಇದೆ ಅಮ್ಮಾ. ಅದಕ್ಕೆ ಮುಂಚೆ ಒಂದು ಮಾತು ಕೇಳೋದು ಮರೆತಿದ್ವಿ,” ಎಂದರು ಹಲ್ಲಿನ ಡಾಕ್ಟರ್. ಹಾಸಿಗೆಯ ಪಕ್ಕ ಕೂತು ರೈಲಕ್ಕನ ಕಣ್ಣಿನ ಮಟ್ಟಕ್ಕೆ ಬಗ್ಗಿದರು. “ಮಾಮ ನಮಗೆ ಎಲ್ಲ ಹೇಳಿದ್ದಾರೆ. ಅವರಿಗೆ ಏನೂ ತೊಂದರೆ ಆಗಲ್ಲ. ನೀವು ಹೇಳಿ, ನಿಮ್ಮ ಮುಖ ನಿಮಗೆ ಯಾಕೆ ಬೇಡ?”

ರೈಲಕ್ಕ ಮೇಣದ ಮಾಮನನ್ನು ನೋಡಿದಳು. ಅವನು ತಲೆಯಾಡಿಸಿದ. ಅವಳು ಹಲಗೆಯನ್ನು ತೊಡೆಯ ಮೇಲೆಳೆದುಕೊಂಡು, ಒರೆಸಿ, ನಿಧಾನವಾಗಿ ಬರೆದಳು.

‘ಅವನು ಹೊಡೆಯೋಕೆ ಮುಂಚೆ ಮಾತಾಡಿದ.’

ಇನ್‌ಸ್ಪೆಕ್ಟರ್ ಒಂದು ಹೆಜ್ಜೆ ಹತ್ತಿರ ಬಂದಳು. ಏನೂ ನೆನಪಿಲ್ಲ ಎಂದು ಮೂರು ಸಲ ಬರೆದುಕೊಟ್ಟಿದ್ದ ಸಾಕ್ಷಿ ಇದು.

‘ಇಷ್ಟು ವರ್ಷ ಎಲ್ಲಿ ಅಡಗಿದ್ದೆ ಅಂದ. ಅವನನ್ನ ನಾನು ಜನ್ಮದಲ್ಲಿ ನೋಡಿಲ್ಲ.’

ಒರೆಸಿದಳು. ಮತ್ತೆ ಬರೆದಳು.

‘ಅವನು ಹುಡುಕ್ತಿದ್ದದ್ದು ನನ್ನನ್ನಲ್ಲ. ಈ ಮುಖವನ್ನ.’

“ಅಯ್ಯೋ ನನ್ನ ಕಂದ, ನನಗೂ ಹೇಳಲಿಲ್ವಲ್ಲೇ,” ಎಂದು ಚಿಕ್ಕಮ್ಮ ಸೆರಗನ್ನು ಬಾಯಿಗೊತ್ತಿಕೊಂಡರು.

“ನನಗೆ ಯಾಕೆ ಹೇಳಲಿಲ್ಲ?” ಇನ್‌ಸ್ಪೆಕ್ಟರ್ ಆದಷ್ಟು ಮೆತ್ತಗೆ ಕೇಳಿದಳು.

ರೈಲಕ್ಕ ಅವಳನ್ನೇ ನೋಡುತ್ತ, ಹಲಗೆಯನ್ನು ನೋಡದೆಯೇ ಬರೆದಳು. ‘ನೀವು ಫೋಟೊ ಹಾಕಿದಿರಿ. ಊರು ತುಂಬ.’

ಹೌದು. ಮೂರನೆಯ ದಿನವೇ ಹಾಕಿಸಿದ್ದಳು. ಬಸ್ ನಿಲ್ದಾಣ, ಆಸ್ಪತ್ರೆಯ ಗೇಟು, ಪೇಪರಿನ ಎರಡನೆಯ ಪುಟ. ‘ಈಕೆಯ ಮೇಲೆ ಹಲ್ಲೆ ಮಾಡಿದವನ ಸುಳಿವು ತಿಳಿದವರು ಸಂಪರ್ಕಿಸಿ.’ ಚಿಕ್ಕಮ್ಮನಿಂದ ಇಸಕೊಂಡ, ಸೋದರ ಸಂಬಂಧಿಯ ಮದುವೆಯಲ್ಲಿ ನಗುತ್ತ ನಿಂತ ಫೋಟೊ. ಯಾರಿಗೂ ಗೊತ್ತಿಲ್ಲದಿದ್ದ ಮುಖವನ್ನು ತಾನೇ ಮನೆಮನೆಗೆ ಮುಟ್ಟಿಸಿ, ಹನ್ನೊಂದು ವಾರ ಕಾಲ ಅದನ್ನೊಂದು ಒಳ್ಳೆಯ ಕೆಲಸವೆಂದು ಅಂದುಕೊಂಡಿದ್ದಳು.

ಮುಂದಿನ ಪ್ರಶ್ನೆ ಕೇಳಿದವರು ಸರ್ಜನ್.

“ಅವನ ದನಿ ಹೇಗಿತ್ತು? ಗಂಟಲು ಕಟ್ಟಿಕೊಂಡ ಹಾಗೆ, ಪಿಸುಗುಟ್ಟಿದ ಹಾಗೆ ಇತ್ತಾ?”

ರೈಲಕ್ಕನ ಕಣ್ಣುಗಳು ಅರಳಿದವು. ದನಿಯನ್ನೇ ಕಸುಬು ಮಾಡಿಕೊಂಡವಳು. ಕೇಳಿದ ದನಿ ಮರೆಯುವವಳಲ್ಲ. ಹೌದೆಂದು ತಲೆಯಾಡಿಸಿದಳು, ಎರಡು ಸಲ.

ಇನ್‌ಸ್ಪೆಕ್ಟರ್ ಸರ್ಜನ್ ಕಡೆ ತಿರುಗಲಿಲ್ಲ. ಆ ಪ್ರಶ್ನೆಯನ್ನು ಮಡಿಸಿ ಒಳಗಿಟ್ಟುಕೊಂಡಳು. ಮೊದಲು ಹಾಸಿಗೆಯ ಮೇಲಿದ್ದವಳ ಮಾತು ಮುಗಿಯಬೇಕಿತ್ತು.

ಹಲ್ಲಿನ ಡಾಕ್ಟರ್ ಎರಡೂ ಗೈಡುಗಳನ್ನು ರೈಲಕ್ಕನ ಅಂಗೈಯಲ್ಲಿಟ್ಟರು. “ಇದು ನಿಮ್ಮ ಮುಖ. ಇದು ಮಾಮ ಮಾಡಿದ ಮುಖ. ಎರಡರಲ್ಲೂ ನಿಮ್ಮ ಹಲ್ಲು ಕೂಡುತ್ತೆ, ಎರಡರಲ್ಲೂ ಮಾತು ಬರುತ್ತೆ. ಇಲ್ಲಿ ತಪ್ಪು ಉತ್ತರ ಅಂತ ಇಲ್ಲ.”

ರೈಲಕ್ಕ ತುಂಬ ಹೊತ್ತು ಎರಡನ್ನೂ ತೂಗುವವಳಂತೆ ಹಿಡಿದಿದ್ದಳು. ಆಮೇಲೆ ಬರೆದಳು.

‘ನನಗೆ ನಂದೇ ಬೇಕು. ಅವನು ಸಿಕ್ಕಿದರೆ.’

“ಸಿಗದಿದ್ದರೆ?” ಮೇಣದ ಮಾಮ ಕೇಳಿದ.

ಅವಳು ಅವನು ಮಾಡಿದ ಗೈಡನ್ನು ಮುಷ್ಟಿಯಲ್ಲಿ ಹಿಡಿದು ತೋರಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು. ಮುಖ ಬಿಟ್ಟುಕೊಡುವುದು ಅಷ್ಟು ಸುಲಭವಲ್ಲವೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಆಗ ಗೊತ್ತಾಯಿತು. ಇಷ್ಟು ದಿನ ಅಳತೆ ತೆಗೆದವರಿಗೂ.

“ಎರಡನ್ನೂ ಸ್ಟೆರಿಲೈಸ್ ಮಾಡಿಸಿ,” ಎಂದರು ಸರ್ಜನ್. “ಎರಡಕ್ಕೂ ಮೂಳೆ ಹಿಡಿದಿಡೋ ಪ್ಲೇಟ್ ಬಗ್ಗಿಸಿ ಇಡಿ. ಎಂಟಕ್ಕೆ ಅರಿವಳಿಕೆ. ಏಳರವರೆಗೆ ಅವಳಿಗೆ ಸಮಯ ಇದೆ.”

“ಪ್ಲೇಟು ಬಗ್ಗಿಸೋಕೆ ನನಗೆ ನಿಮ್ಮ ಕೈ ಬೇಕು ಸರ್. ಮೂಳೆ ನಿಮ್ಮದು,” ಎಂದರು ಹಲ್ಲಿನ ಡಾಕ್ಟರ್.

“ಬರ್ತೀನಿ. ಮಾಮನೂ ಇರಲಿ. ಅವನಷ್ಟು ಚೆನ್ನಾಗಿ ಆ ಗದ್ದವನ್ನ ನಾವಿಬ್ಬರೂ ನೋಡಿಲ್ಲ.”

ಒಂದು ಗಂಟೆ ಮುಂಚೆ ಇದೇ ಮನುಷ್ಯ ಮೆಮೊ ಕೊಡುತ್ತೇನೆ ಎಂದಿದ್ದರು. ಮೇಣದ ಮಾಮ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡು, ಏನು ಮಾಡುವುದೆಂದು ತಿಳಿಯದೆ, ಮತ್ತೆ ಹಣೆಗೇರಿಸಿಕೊಂಡ.

“ಅದಕ್ಕೆ ಮುಂಚೆ, ಸರ್, ಹೊರಗೆ ಒಂದು ನಿಮಿಷ,” ಎಂದಳು ಇನ್‌ಸ್ಪೆಕ್ಟರ್.

ಕಾರಿಡಾರಿನ ತುದಿಯಲ್ಲಿ, ತೊಳೆದ ಹಾಸುಬಟ್ಟೆಗಳ ಗಾಲಿಪೆಟ್ಟಿಗೆಯ ಪಕ್ಕ ಇಬ್ಬರೂ ನಿಂತರು.

“ಅವನ ದನಿ ನಿಮಗೆ ಹೇಗೆ ಗೊತ್ತು?”

“ಊಹೆ.”

“ದವಡೆ ನೋಡಿ ಯಾವ ಕೈಯಲ್ಲಿ ಹೊಡೆದ ಅಂತ ಊಹಿಸಬಹುದು. ಎಷ್ಟು ಎತ್ತರದವನು ಅಂತ ಊಹಿಸಬಹುದು. ಮುರಿದ ಮೂಳೆ ಹೊಡೆದವನ ಗಂಟಲಿನ ಸುದ್ದಿ ಹೇಳುತ್ತಾ ಸರ್?”

ಸರ್ಜನ್ ಗೋಡೆಗೆ ಒರಗಿದರು. ಹನ್ನೊಂದು ವಾರದಲ್ಲಿ ಆ ಮನುಷ್ಯ ಯಾವುದಕ್ಕಾದರೂ ಒರಗಿದ್ದನ್ನು ಅವಳು ನೋಡಿರಲಿಲ್ಲ.

“ಹದಿನಾಲ್ಕು ವರ್ಷದ ಹಿಂದೆ ಒಬ್ಬ ಹೆಂಗಸು ಬಂದಳು,” ಎಂದರು. “ದವಡೆ ಹೀಗೇ ಪುಡಿಯಾಗಿತ್ತು. ಬಾಗಿಲು ಬಡಿದು ಆಯ್ತು ಅಂತ ಬರೆದು ತೋರಿಸಿದಳು. ಬಾಗಿಲು ಮೂರು ಸಲ ಬಡಿಯಲ್ಲ. ಗಂಡ ದಿನಾ ಬಂದು ಹೊರಗೆ ಕೂರ್ತಿದ್ದ. ಗಂಟಲಲ್ಲಿ ಏನೋ ಹಳೇ ಗಾಯ, ಪಿಸುಮಾತಿನಲ್ಲೇ ಎಲ್ಲರನ್ನೂ ಬೆದರಿಸ್ತಿದ್ದ.”

“ಮುಂದೆ?”

“ಆಕೆ ನನ್ನ ಕೈ ಹಿಡಿದುಕೊಂಡಳು. ಡಾಕ್ಟ್ರೇ, ಅವನಿಗೆ ಗುರುತು ಸಿಗದ ಹಾಗೆ ಕಟ್ಟಿಬಿಡಿ ಅಂತ ಬರೆದಳು. ನಾನು ಒಪ್ಪಿದೆ. ಆಗ ನನ್ನ ಜೊತೆ ಹಲ್ಲಿನವರು ಯಾರೂ ಇರಲಿಲ್ಲ. ಯಾರನ್ನೂ ಕೇಳಬೇಕು ಅಂತಲೂ ನನಗೆ ಅನ್ನಿಸ್ತಿರಲಿಲ್ಲ. ಬೇರೆ ಮುಖ ಅಂದರೆ ಯಾವ ಮುಖ? ನನಗೆ ಒಂದು ಮಾದರಿ ಬೇಕಿತ್ತು. ಹಲ್ಲಿನ ವಿಭಾಗದ ಕಪಾಟಿನಲ್ಲಿ ಒಂದು ಅಚ್ಚು ಇತ್ತು. ಜೊತೆಗೆ ಮುಖದ ಪಕ್ಕದಿಂದ ತೆಗೆದ ಎಕ್ಸ್‌ರೇ. ಹಲ್ಲಿಗೆ ತಂತಿ ಹಾಕಿಸಿಕೊಳ್ಳೋಕೆ ಬರ್ತಿದ್ದ ಹುಡುಗಿಯದು. ಹದಿನೇಳು ವರ್ಷ. ಅಷ್ಟು ಚೆಂದದ ದವಡೆ ನಾನು ನೋಡಿರಲಿಲ್ಲ. ಎತ್ತಿಕೊಂಡು ಬಂದೆ. ಅಳತೆ ತೆಗೆದು ವಾಪಸ್ ಇಟ್ಟೆ.”

ಇನ್‌ಸ್ಪೆಕ್ಟರ್ ಮನಸ್ಸಿನಲ್ಲೇ ಹದಿನೇಳಕ್ಕೆ ಹದಿನಾಲ್ಕು ಕೂಡಿದಳು.

“ರೈಲಕ್ಕ,” ಎಂದಳು.

“ಮುಖದ ಕೆಳಗಿನ ಅರ್ಧ ಒಂದೇ ಆದರೆ, ದೂರದಿಂದ ನೋಡಿದವನಿಗೆ ಇಡೀ ಮುಖ ಒಂದೇ. ನಾನು ಇವಳ ಮುಖವನ್ನ ಕೇಳದೇ ತೆಗೆದುಕೊಂಡು ಇನ್ನೊಬ್ಬಳಿಗೆ 	ಕೊಟ್ಟೆ. ಇವಳು ಆಂಬುಲೆನ್ಸಿನಲ್ಲಿ ಬಂದ ದಿನ ಗೊತ್ತಾಗಲಿಲ್ಲ. ಹಳೇ ಅಚ್ಚು ಹುಡುಕಿ ಮೇಜಿನ ಮೇಲಿಟ್ಟಾಗ ನನ್ನ ಕೈಯೇ ನನಗೆ ಹೇಳಿತು. ಆಗಲೂ ಕಾಕತಾಳೀಯ ಅಂದುಕೊಂಡೆ. ಇವಳದನ್ನ ಇವಳಿಗೆ ಒಂದು ಕೂದಲೂ ಹೆಚ್ಚುಕಮ್ಮಿ ಆಗದ ಹಾಗೆ ವಾಪಸ್ ಕೊಟ್ಟರೆ ನನ್ನ ಪಾಲಿನ ಋಣ ತೀರುತ್ತೆ ಅಂತಿದ್ದೆ.”

ಹಾಗಾದರೆ ಇದಕ್ಕೇ ಆ ಕಿಟಕಿ, ಆ ಬೆನ್ನು, ಆ ಮೆಮೊ. ಇನ್‌ಸ್ಪೆಕ್ಟರಳಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಒಬ್ಬ ಹೆಂಗಸನ್ನು ಬದುಕಿಸಲು ಮಾಡಿದ್ದು ಇನ್ನೊಬ್ಬಳ ಮುಖ ಒಡೆಸಿದ ಈ ಲೆಕ್ಕದಲ್ಲಿ, ಪೋಸ್ಟರ್ ಅಂಟಿಸಿದ ತನ್ನ ಹೆಸರೂ ಇತ್ತಲ್ಲ.

“ಆಕೆಗೆ ಹೊಸ ಮುಖ ಬಂದಿದೆ ಅಂತ ಗಂಡನಿಗೆ ಗೊತ್ತಿತ್ತಾ?”

“ಇಲ್ಲ. ಅವಳು ಬ್ಯಾಂಡೇಜಿನಲ್ಲೇ ಹಿಂದಿನ ಬಾಗಿಲಿಂದ ಹೋದಳು. ಹೊಸ ಮುಖವನ್ನ ಅವನು ನೋಡಿಯೇ ಇಲ್ಲ.”

“ನೋಡದೇ ಇರೋ ಮುಖವನ್ನ ಅವನು ಹುಡುಕಿದ್ದು ಹೇಗೆ?”

“ಅವನು ಹೊರಗೆ ಕೂರ್ತಿದ್ದಾಗ ಹೊಸ ಮುಖದ ನಕ್ಷೆ ನನ್ನ ಮೇಜಿನ ಮೇಲೇ ಬಿದ್ದಿರ್ತಿತ್ತು,” ಎಂದರು ಸರ್ಜನ್. ಆಮೇಲೆ ಇನ್ನೊಂದನ್ನೂ ಹೇಳಿದರು. “ನಿನ್ನೆ ಆಕೆ ನನಗೆ ಫೋನ್ ಮಾಡಿದ್ದಳು. ಹದಿನಾಲ್ಕು ವರ್ಷದಲ್ಲಿ ಮೊದಲನೇ ಸಲ. ಹಳೇ ಪೇಪರಿನಲ್ಲಿ ತನ್ನದೇ ಗದ್ದ ನೋಡಿದಳಂತೆ. ‘ಆ ಹುಡುಗಿಗೆ ಹೀಗಾಗಿದ್ದು ನನ್ನಿಂದಾನಾ ಡಾಕ್ಟ್ರೇ’ ಅಂತ ಕೇಳಿದಳು.”

“ನೀವೇನಂದಿರಿ?”

“ಗೊತ್ತಿಲ್ಲ ಅಂದೆ. ಬರಬೇಡ, ಎಲ್ಲಿದ್ದೀಯೋ ಅಲ್ಲೇ ಇರು ಅಂದೆ. ಫೋನ್ ಇಟ್ಟುಬಿಟ್ಟಳು.”

“ಇದನ್ನ ನಿನ್ನೆಯೇ ನನಗೆ ಹೇಳಿದ್ದರೆ...” ಇನ್‌ಸ್ಪೆಕ್ಟರ್ ಮಾತು ಮುಗಿಸಲಿಲ್ಲ. ಅವಳ ಫೋನು ಹೊಡೆದುಕೊಂಡಿತು. ಗೇಟಿಗೆ ಹಾಕಿದ್ದ ಕಾನ್‌ಸ್ಟೇಬಲ್. ಹೊಸಬ, ಈ ವಾರವಷ್ಟೇ ಡ್ಯೂಟಿಗೆ ಬಂದವನು; ರೈಲಕ್ಕನನ್ನು ಅವನು ನೋಡಿದ್ದು ಪೋಸ್ಟರಿನಲ್ಲಿ ಮಾತ್ರ.

“ಮೇಡಂ, ಒಂದು ಕನ್‌ಫ್ಯೂಷನ್ನು. ನಮ್ಮ ಪೇಷೆಂಟು ಮೇಲೆ ರೂಮಲ್ಲೇ ಇದಾರೆ ಅಲ್ವಾ?”

“ಇದಾರೆ. ಯಾಕೆ?”

“ಇಲ್ಲ, ಅವರು ಇಲ್ಲಿ ಗೇಟ್ ಹತ್ರ ನಿಂತಿದಾರೆ. ಪೋಸ್ಟರ್ ಪಕ್ಕದಲ್ಲೇ. ಅದೇ ಮುಖ. ಸ್ವಲ್ಪ ವಯಸ್ಸಾದ ಹಾಗಿದೆ ಅಷ್ಟೆ. ದವಡೆ ಎಲ್ಲ ಸರಿಯಾಗೇ ಇದೆ.”

ಇನ್‌ಸ್ಪೆಕ್ಟರ್ ಫೋನಿನ ದನಿ ಸರ್ಜನ್‌ಗೂ ಕೇಳಿಸುವಂತೆ ಗುಂಡಿ ಒತ್ತಿದಳು. “ಒಳಗೆ ಕರ್ಕೊಂಡು ಬಂದು ನಿನ್ನ ಪಕ್ಕ ಕೂರಿಸು. ಒಬ್ಬರೇ ಇದಾರಾ?”

“ಇಲ್ಲ ಮೇಡಂ, ಗಂಡನೂ ಇದಾರೆ. ಪಾಪ, ಆಯಮ್ಮ ನಡುಗ್ತಿದಾರೆ, ಅವರು ಗಟ್ಟಿಯಾಗಿ ಕೈ ಹಿಡ್ಕೊಂಡಿದಾರೆ. ಇಬ್ಬರನ್ನೂ ಮೇಲೆ ಕಳಿಸಲಾ?”

ಇನ್‌ಸ್ಪೆಕ್ಟರ್ ಸರ್ಜನ್ ಮುಖ ನೋಡಿದಳು.

“ಆಕೆ ಮತ್ತೆ ಮದುವೆ ಆಗಿಲ್ಲ,” ಎಂದರು ಅವರು.